ಬೆಚ್ಚನೆಯ ಮನೆಯ ಬಾಗಿಲು

ಪ್ರತಿವರ್ಷ ಅಕ್ಟೋಬರಿನ ಕೊನೆಯ ಭಾನುವಾರ ನಸುಕಿನಲ್ಲಿ ನೆದರ್‌ಲ್ಯಾಂಡ್ಸಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಶನಿವಾರ ಆರೂವರೆಯ ಸುಮಾರಿಗೆ ಮುಳುಗಿದ ಸೂರ್ಯ ಮರುದಿನ ಐದೂವರೆಗೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್ ಬರುವ ಹೊತ್ತಿಗೆ ಸಂಜೆ ನಾಲ್ಕೂವರೆಗೇ ಲೈಡನ್ನಿನ ಕಾಲುವೆಗಳ ಮೇಲೆ ಬೀದಿದೀಪಗಳ ನೆರಳು ಅಲುಗುತ್ತಿರುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯಾಸ್ತದ ಹೊತ್ತು ಹಿಂದೆಮುಂದೆ ಆಗುವುದು ಸುಮಾರು ಒಂದು ಗಂಟೆಯಷ್ಟು ಮಾತ್ರ. ಲೈಡನ್ನಿನಲ್ಲಿ ಜೂನ್ ತಿಂಗಳ ರಾತ್ರಿ ಹತ್ತರವರೆಗೂ ಬೆಳಕು ಕಂಡವರಿಗೆ ನವೆಂಬರಿನ ಈ ಕತ್ತಲು ಹವಾಮಾನದ ಸಂಗತಿಯಾಗಿ ಉಳಿಯುವುದಿಲ್ಲ, ಮೈಮೇಲೆ ಇಳಿಯುತ್ತದೆ. ದೀಪಾವಳಿಯೂ ಕನ್ನಡ ರಾಜ್ಯೋತ್ಸವವೂ ಬರುವುದು ಇದೇ ದಿನಗಳಲ್ಲಿ.

ಪಂಚಾಂಗದ ದೀಪಾವಳಿ ಯಾವ ವಾರ ಬಂದರೂ ಲೈಡನ್ನಿನ ದೀಪಾವಳಿ ಶನಿವಾರವೇ ಬರುತ್ತದೆ. ನೀರು ತುಂಬುವ ಹಬ್ಬಕ್ಕೆ ಹಂಡೆಯಿಲ್ಲ. ಗೋಡೆಗೆ ತೂಗುಹಾಕಿದ ಬಾಯ್ಲರಿಗೆ ಯಾರೂ ಸುಣ್ಣ, ಕೆಮ್ಮಣ್ಣು ಬಳಿಯಲಾರರು. 2022ರ ಜುಲೈನಿಂದ ಪ್ರತಿ ಮನೆಗೂ ಕಡ್ಡಾಯವಾಗಿರುವ ಹೊಗೆ ಸೂಚಕ ಕಜ್ಜಾಯ ಕರಿಯಲು ತೊಡಗಿದೊಡನೆ ಕೂಗಿಕೊಳ್ಳುತ್ತದೆ. ಆದರೂ ಬಯೋಸೈನ್ಸ್ ಪಾರ್ಕಿನಲ್ಲಿ ದುಡಿಯುವವರು, ಆಮ್‌ಸ್ಟರ್‌ಡಾಮಿಗೂ ಹೇಗ್ ನಗರಕ್ಕೂ ರೈಲಿನಲ್ಲಿ ಹೋಗಿಬರುವವರು, ನಾಲ್ಕಾರು ಕನ್ನಡ ಸಂಸಾರಗಳು ಒಂದು ಮನೆಯಲ್ಲಿ ಸೇರುತ್ತವೆ. ಬ್ಯಾಟರಿ ದೀಪಗಳ ನಡುವೆ ಒಂದೆರಡು ನಿಜವಾದ ಹಣತೆಗಳು ಉರಿಯುತ್ತವೆ. ಮಕ್ಕಳು ಡಚ್ಚಿನಲ್ಲಿ ಜಗಳವಾಡಿ, ಹಿರಿಯರ ಮುಂದೆ ಕನ್ನಡದಲ್ಲಿ ರಾಜಿಯಾಗುತ್ತಾರೆ.

ಪ್ರಗತಿಪರರೆನಿಸಿಕೊಂಡ ಅನಿವಾಸಿಗಳಲ್ಲಿ ಒಂದು ವರ್ಗಕ್ಕೆ ಇಂತಹ ಮನೆಹಬ್ಬಗಳೆಂದರೆ ತಾತ್ಸಾರ. ಜಗತ್ತು ಹೊತ್ತಿ ಉರಿಯುತ್ತಿರುವಾಗ ತುಪ್ಪದ ವಾಸನೆಯಲ್ಲಿ, ಊರಿನ ನೆನಪಿನಲ್ಲಿ ಮುಳುಗುವುದು ರಾಜಕೀಯದಿಂದ ತಪ್ಪಿಸಿಕೊಳ್ಳುವ ದಾರಿ ಎಂಬುದು ಅವರ ಆಕ್ಷೇಪ. ಈ ಆಕ್ಷೇಪದಲ್ಲಿ ಸತ್ಯದ ಅಂಶ ಇಲ್ಲದಿಲ್ಲ. ಆದರೆ ಅದು ತಪ್ಪು ಕಡೆಗೆ ಬೊಟ್ಟು ಮಾಡುತ್ತದೆ. ಮನೆಯೊಳಗಿನ ಹಬ್ಬ ರಾಜಕೀಯದಿಂದ ಹೊರಗಿದೆ ಎಂದು ನಂಬುವುದರಲ್ಲಿ ಅದನ್ನು ಆಚರಿಸುವವರೂ ಹಳಿಯುವವರೂ ಒಂದೇ. ನಿಜದಲ್ಲಿ ಅನಿವಾಸಿಯ ಬದುಕಿನಲ್ಲಿ ಅತ್ಯಂತ ರಾಜಕೀಯವಾದ ಸಂಜೆ ಅದೇ. ಯಾರನ್ನು ಕರೆಯಬೇಕು, ಏನನ್ನು ಬಡಿಸಬೇಕು, ಯಾರು ಒಲೆಯ ಮುಂದೆ ನಿಲ್ಲಬೇಕು, ಮಕ್ಕಳಿಗೆ ‘ನಮ್ಮವರು’ ಎಂದು ಯಾರನ್ನು ತೋರಿಸಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಂದು. ಯಾವ ಮತದಾನವೂ ಇಲ್ಲದೆ, ಬಹುತೇಕ ಯಾವ ಚರ್ಚೆಯೂ ಇಲ್ಲದೆ ತೀರ್ಮಾನವಾಗುತ್ತದೆ.

ಡಚ್ಚರು ಕತ್ತಲ ಸಂಜೆಯ ಈ ಬೆಚ್ಚನೆಯ ಕೂಟಕ್ಕೆ ‘ಖೆಜೆಲಿಖ್’ ಎನ್ನುತ್ತಾರೆ. ತಮ್ಮ ಭಾಷೆಯಲ್ಲಲ್ಲದೆ ಬೇರೆಲ್ಲೂ ಇದಕ್ಕೆ ಸಮಾನ ಪದವಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. (ಪ್ರತಿಯೊಂದು ಭಾಷೆಯವರೂ ತಮ್ಮ ಒಂದು ಪದದ ಬಗ್ಗೆ ಹೀಗೆ ಹೇಳಿಕೊಳ್ಳುವುದುಂಟು.) ಮೇಣದ ಬತ್ತಿ, ಉಣ್ಣೆಯ ಹೊದಿಕೆ, ದಾಲ್ಚಿನ್ನಿ ಹಾಕಿದ ಸೇಬಿನ ಕಡುಬು ಎಂದು ಅಂಗಡಿಗಳು ಈ ಪದವನ್ನು ಪೊಟ್ಟಣ ಕಟ್ಟಿ ಮಾರುತ್ತವೆ. ಆದರೆ ಪದದ ಒಡಲಲ್ಲಿರುವುದು ‘ಖೆಜೆಲ್’, ಎಂದರೆ ಒಡನಾಡಿ, ಸಂಗಾತಿ. ಇನ್ನೂ ಹಿಂದಕ್ಕೆ ಹೋದರೆ, ಒಂದೇ ಕೋಣೆಯನ್ನು ಹಂಚಿಕೊಂಡವನು ಎಂಬ ಅರ್ಥ ಸಿಗುತ್ತದೆ. ಬೆಚ್ಚಗಿನ ಮೂಲ ಬತ್ತಿಯಲ್ಲಿಲ್ಲ, ಕೋಣೆಯೊಳಗೆ ಇರುವ ಇನ್ನೊಬ್ಬರಲ್ಲಿದೆ.

ಕನ್ನಡದಲ್ಲಿ ಬೆಚ್ಚನೆಯ ಮನೆಯೆಂದರೆ ಸರ್ವಜ್ಞನ ಹೆಸರಿನಲ್ಲಿ ಮನೆಮಾತಾಗಿರುವ ತ್ರಿಪದಿಯೊಂದು ನೆನಪಾಗದೆ ಇರದು. ಇರಲು ಬೆಚ್ಚಗಿನ ಮನೆ, ಖರ್ಚಿಗೆ ಹಣ, ಗಂಡನ ಮನಸ್ಸನ್ನು ತಿಳಿದು ನಡೆಯುವ ಹೆಂಡತಿ ಇದ್ದರೆ ಸ್ವರ್ಗವೇ ಬೇಕಿಲ್ಲ ಎಂಬ ಅದರ ಆಶಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗರು ವಿರಳ. ಜಾತಿಯನ್ನೂ ಡಂಭವನ್ನೂ ಚುಚ್ಚಿದ ಕವಿಯ ಹೆಸರಿನ ಪದ್ಯದಲ್ಲೇ ಹೆಂಡತಿ ಮನೆ, ಹಣಗಳ ಸಾಲಿನಲ್ಲಿ ಸೌಕರ್ಯವಾಗಿ ಕುಳಿತಿದ್ದಾಳೆ. ಅವಳಿಗೆ ಬೆಚ್ಚಗಿದೆಯೇ ಎಂಬ ಪ್ರಶ್ನೆಯನ್ನು ಆ ಪದ್ಯ ಕೇಳುವುದಿಲ್ಲ. ಲೈಡನ್ನಿನ ಶನಿವಾರದ ದೀಪಾವಳಿಯೂ ಬಹುಮಟ್ಟಿಗೆ ಕೇಳುವುದಿಲ್ಲ.

ಲೈಡನ್ ನಗರಕ್ಕೆ ತನ್ನದೇ ಆದ ಶರತ್ಕಾಲದ ಹಬ್ಬವಿದೆ, ಅದು ಹುಟ್ಟಿದ್ದು ಹಸಿವಿನಿಂದ. 1574ರ ಮೇ ತಿಂಗಳಿನಿಂದ ಸ್ಪೇನಿನ ಸೈನ್ಯ ನಗರಕ್ಕೆ ಹಾಕಿದ ಮುತ್ತಿಗೆ ಅಕ್ಟೋಬರ್ 3ರವರೆಗೆ ನಡೆಯಿತು. ಕ್ಷಾಮದಿಂದಲೂ ಸಾಂಕ್ರಾಮಿಕ ರೋಗದಿಂದಲೂ ಸಾವಿರಾರು ಜನ ಸತ್ತರು. ಕೊನೆಗೆ ಬಂಡಾಯಗಾರರು ಕಡಲ ಒಡ್ಡುಗಳನ್ನು ಒಡೆದು, ಹೊಲಗದ್ದೆಗಳನ್ನೇ ಮುಳುಗಿಸಿ, ಆ ನೀರಿನ ಮೇಲೆ ದೋಣಿಗಳಲ್ಲಿ ಬಂದರು. ಅವರು ತಂದದ್ದು ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್. ಖಾಲಿಯಾಗಿದ್ದ ಸ್ಪೇನಿಗರ ಬಿಡಾರದಲ್ಲಿ ಅನಾಥ ಹುಡುಗನೊಬ್ಬನಿಗೆ ಬೇಯಿಸಿದ ಗಡ್ಡೆಗೆಣಸಿನ ಪಾತ್ರೆ ಸಿಕ್ಕಿತೆಂಬುದು ಊರಿನ ಕತೆ. ಆ ಪಾತ್ರೆಯೆಂದು ನಂಬಲಾಗಿರುವುದನ್ನು ಲಾಕನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅಂದಿನಿಂದ ಅಕ್ಟೋಬರ್ ಮೂರರ ಸುತ್ತಮುತ್ತ ಲೈಡನ್ನಿನ ಮನೆಗಳಲ್ಲಿ ಗಜ್ಜರಿ, ಈರುಳ್ಳಿ, ಆಲೂಗಡ್ಡೆಗಳನ್ನು ಬೇಯಿಸಿ ಮಸೆದ ‘ಹುಟ್ಸ್‌ಪಾಟ್’ ಆಗುತ್ತದೆ. 1574ರಲ್ಲಿ ಆ ಸೀಮೆಗೆ ಆಲೂಗಡ್ಡೆ ಬಂದಿರಲಿಲ್ಲ. ಸಂಪ್ರದಾಯಗಳು ಎಷ್ಟು ಹಳೆಯವು ಎಂದು ಕೇಳುವವರಿಗೆ ಅಷ್ಟು ಸಾಕು. ಆ ದಿನ ಬೆಳಗ್ಗೆ ಹಳೆಯ ತೂಕದ ಕಟ್ಟೆಯಾದ ‘ವಾಖ್’ ಮುಂದೆ ಊರಿನ ನಿವಾಸಿಗಳಿಗೆ ಹೆರಿಂಗ್ ಮತ್ತು ಬ್ರೆಡ್ಡನ್ನು ಇಂದಿಗೂ ಬಿಟ್ಟಿಯಾಗಿ ಹಂಚುತ್ತಾರೆ. ಮನೆಯೊಳಗೆ ಬಡಿಸುವ ಮುನ್ನ ಬೀದಿಯಲ್ಲಿ ಹಂಚುವುದು ಈ ಹಬ್ಬದ ಕ್ರಮ. ಲೈಡನ್ನಿನಲ್ಲಿ ಹತ್ತು ವರ್ಷದಿಂದ ನೆಲೆಸಿದ ಕನ್ನಡಿಗರಲ್ಲಿಯೂ ಅನೇಕರಿಗೆ ಅಕ್ಟೋಬರ್ 3 ಎಂದರೆ ಜಾತ್ರೆಯ ಗದ್ದಲ, ಶಾಲೆಗೆ ರಜೆ, ಬಸ್ಸಿನ ದಾರಿ ಬದಲು, ಅಷ್ಟೆ.

ಇದೇ ಊರಿನಲ್ಲಿ ಇನ್ನೊಂದು ವಲಸಿಗರ ಕತೆಯಿದೆ, ಅನಿವಾಸಿಗಳು ಅದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಇಂಗ್ಲೆಂಡಿನ ಚರ್ಚಿನಿಂದ ಸಿಡಿದು ಬಂದ ಒಂದು ಪಂಗಡ 1609ರಲ್ಲಿ ಲೈಡನ್ನಿಗೆ ಬಂದು ಪೀಟರ್ಸ್‌ಕರ್ಕ್ ಎಂಬ ದೊಡ್ಡ ಚರ್ಚಿನ ನೆರಳಿನಲ್ಲಿ ನೆಲೆಸಿತು. ಫ್ಲಾಂಡರ್ಸಿನಿಂದ ಓಡಿಬಂದ ನೇಕಾರರಿಂದ ಬೆಳೆದ ಈ ಊರಿನ ಬಟ್ಟೆಯ ಉದ್ಯಮದಲ್ಲಿ ಅವರೂ ಕೂಲಿಗೆ ನಿಂತರು. ಹನ್ನೊಂದು ವರ್ಷಗಳ ನಂತರ, 1620ರಲ್ಲಿ, ಅವರಲ್ಲಿ ಒಂದು ಭಾಗ ಮೇಫ್ಲವರ್ ಹಡಗು ಹತ್ತಿ ಅಮೆರಿಕಕ್ಕೆ ಹೊರಟಿತು. ಕಾರಣಗಳು ಹಲವು: ಬಡತನ, ದುಡಿಮೆಯ ಭಾರ, ಮತ್ತೆ ಯುದ್ಧ ಶುರುವಾಗುವ ಭಯ. ಅವುಗಳ ಜೊತೆಗೆ, ತಮ್ಮ ಮಕ್ಕಳು ಡಚ್ಚರ ನಡೆನುಡಿಗೆ ಬಿದ್ದು ಇಂಗ್ಲಿಷರೆಂಬ ಗುರುತನ್ನೇ ಕಳೆದುಕೊಳ್ಳುತ್ತಾರೆಂಬ ಆತಂಕವೂ ಇತ್ತು ಎಂದು ಅವರೇ ಬರೆದಿಟ್ಟಿದ್ದಾರೆ. ಲೈಡನ್ನಿನ ಯಾವುದೇ ಕನ್ನಡ ಮನೆಯ ಊಟದ ಮೇಜಿನ ಮೇಲೆ ಇಂದು ಕೇಳಿಬರುವ ಮಾತಿದು. ಆ ಮುಗ್ಧ ಆತಂಕ ಸಮುದ್ರ ದಾಟಿದ ಮೇಲೆ ಏನಾಯಿತು, ಆ ನೆಲದ ಮೂಲನಿವಾಸಿಗಳಿಗೆ ಅದರಿಂದ ಏನಾಯಿತು ಎಂಬುದು ಬೇರೆ ಚರಿತ್ರೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲೈಡನ್ನಿನ ಅಕ್ಟೋಬರ್ ಮೂರೇ ಪ್ರೇರಣೆ ಎಂದು ಹೇಳುವವರಿದ್ದಾರೆ. ಹಾಗಿದ್ದರೆ, ಹಸಿದವರಿಗೆ ಬೀದಿಯಲ್ಲಿ ಬ್ರೆಡ್ ಹಂಚಿದ ಹಬ್ಬ ಅಲ್ಲಿಗೆ ತಲುಪುವಷ್ಟರಲ್ಲಿ ಕುಟುಂಬದ ಮೇಜಿನ ಸುತ್ತ ಮುಚ್ಚಿಕೊಂಡಿತು ಎನ್ನಬೇಕು.

ಕುಟುಂಬದ ಹಬ್ಬವನ್ನು ಪ್ರಶ್ನಿಸಿದರೆ ಏನಾಗುತ್ತದೆ ಎಂಬುದನ್ನು ನೆದರ್‌ಲ್ಯಾಂಡ್ಸ್ ಕಳೆದ ದಶಕದಲ್ಲಿ ಕಣ್ಣಾರೆ ಕಂಡಿದೆ. ಡಿಸೆಂಬರ್ 5ರ ಸಂಜೆ ಸಿಂಟರ್‌ಕ್ಲಾಸ್ ಎಂಬ ಬಿಳಿಗಡ್ಡದ ಸಂತ ಮಕ್ಕಳಿಗೆ ಉಡುಗೊರೆ ತರುತ್ತಾನೆ. ಅವನ ಸೇವಕ ‘ಜ್ವಾರ್ಟ ಪೀಟ್’, ಕಪ್ಪು ಪೀಟ್. ಬಿಳಿಯರು ಮುಖಕ್ಕೆ ಮಸಿ ಬಳಿದು, ತುಟಿಗೆ ಕೆಂಪು ಮೆತ್ತಿ, ಗುಂಗುರು ಕೂದಲಿನ ಟೋಪನ್ ಹಾಕಿ ಈ ವೇಷ ಕಟ್ಟುತ್ತಿದ್ದರು. 2011ರ ನವೆಂಬರಿನಲ್ಲಿ ಡೋರ್ಡ್ರೆಕ್ಟ್ ಊರಿನಲ್ಲಿ ಸಂತನ ಮೆರವಣಿಗೆ ನಡೆದಾಗ, ಕಪ್ಪು ಪೀಟ್ ಎಂದರೆ ಜನಾಂಗದ್ವೇಷ ಎಂದು ಅಚ್ಚು ಹಾಕಿದ ಅಂಗಿ ತೊಟ್ಟು ನಿಂತಿದ್ದ ಕಲಾವಿದ ಕ್ವಿನ್ಸಿ ಗಾರಿಯೊ ಅವರನ್ನು ಪೊಲೀಸರು ನೆಲಕ್ಕೆ ಕೆಡವಿ ಬಂಧಿಸಿದರು. ಮುಂದಿನ ವರ್ಷಗಳಲ್ಲಿ ವಿರೋಧಿಗಳಿಗೆ ಸಿಕ್ಕ ಉತ್ತರ ಬಹುಮಟ್ಟಿಗೆ ಒಂದೇ: ಇದು ಮಕ್ಕಳ ಹಬ್ಬ, ಬೆಚ್ಚನೆಯ ಹಬ್ಬ, ಮನೆಮಂದಿಯ ಹಬ್ಬ, ಇದರಲ್ಲಿ ರಾಜಕೀಯ ತರಬೇಡಿ. 2015ರಲ್ಲಿ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ವಿರೋಧಿ ಸಮಿತಿ ಈ ವೇಷದ ಬಗ್ಗೆ ಮಾತಾಡಿತು. 2016ರಲ್ಲಿ ಸುರಿನಾಮ್ ಮೂಲದ ವಿದ್ವಾಂಸೆ ಗ್ಲೋರಿಯಾ ವೆಕ್ಕರ್ ‘ವೈಟ್ ಇನ್ನೊಸೆನ್ಸ್’ ಎಂಬ ಪುಸ್ತಕದಲ್ಲಿ, ತಾವು ಮುಗ್ಧರು ಎಂಬ ಡಚ್ಚರ ನಂಬಿಕೆಯನ್ನೇ ಬಿಡಿಸಿಟ್ಟರು. 2020ರ ಜೂನ್‌ನಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಸಂಸತ್ತಿನಲ್ಲಿ ತಮ್ಮ ಅಭಿಪ್ರಾಯ ಬದಲಾಗಿದೆಯೆಂದು ಒಪ್ಪಿಕೊಂಡರು. ಇಂದು ಬಹುತೇಕ ನಗರಗಳಲ್ಲಿ ಪೀಟನ ಮುಖದ ಮೇಲೆ ಉಳಿದಿರುವುದು ಹೊಗೆಕೊಳವೆಯ ಮಸಿಯ ಒಂದೆರಡು ಗೆರೆ. ಹಬ್ಬ ಸಾಯಲಿಲ್ಲ, ಮಕ್ಕಳು ಅಳಲಿಲ್ಲ.

ಈ ವಾಗ್ವಾದದಲ್ಲಿ ಲೈಡನ್ನಿನ ಪ್ರಗತಿಪರ ಕನ್ನಡಿಗರು ಯಾವ ಪಕ್ಷದಲ್ಲಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಕಂದು ಬಣ್ಣದ ಚರ್ಮ ಹೊತ್ತವರಿಗೆ ಮಸಿ ಬಳಿದ ಮುಖದ ಅವಮಾನ ಅರ್ಥವಾಗಲು ಪುಸ್ತಕ ಬೇಕಿಲ್ಲ. ಆದರೆ ‘ಇದು ಮನೆಯ ಹಬ್ಬ, ಇದರಲ್ಲಿ ರಾಜಕೀಯ ತರಬೇಡಿ’ ಎಂಬ ಅದೇ ಮಾತು ಕನ್ನಡದಲ್ಲಿ ಬಂದಾಗ ಅದು ಅಷ್ಟು ಸುಲಭವಾಗಿ ಕಿವಿಗೆ ಬೀಳುವುದಿಲ್ಲ.

ಅದು ಬರುವ ರೀತಿಗಳು ನಯವಾದವು. ಶನಿವಾರದ ಕೂಟಕ್ಕೆ ಪ್ರತಿ ಮನೆಯಿಂದ ಒಂದೊಂದು ಅಡುಗೆ ಎಂದು ಗೊತ್ತಾಗಿರುತ್ತದೆ, ಜೊತೆಗೆ ‘ಹಬ್ಬವಾದ್ದರಿಂದ ಸಸ್ಯಾಹಾರ ಮಾತ್ರ’ ಎಂಬ ಸಾಲು. ಯಾರ ಹಬ್ಬಕ್ಕೆ ಸಸ್ಯಾಹಾರ? ಕರ್ನಾಟಕದ ಹಳ್ಳಿಗಾಡಿನಲ್ಲಿ ದೀಪಾವಳಿಯ ಪಾಡ್ಯದ ಮರುದಿನ ಬಾಡೂಟವಿರುವ ಮನೆಗಳು ಎಷ್ಟೋ. ಅಂತಹ ಮನೆಯಿಂದ ಬಂದ ಇಂಜಿನಿಯರ್ ಲೈಡನ್ನಿನಲ್ಲಿ ತನ್ನ ಹಬ್ಬದ ನೆನಪನ್ನು ನುಂಗಿಕೊಂಡು ಚಿತ್ರಾನ್ನ ತರುತ್ತಾನೆ. ಅವನ ಮಗಳು ಅದೇ ದೀಪಾವಳಿಯೆಂದು ಕಲಿಯುತ್ತಾಳೆ. ಎರಡನೆಯ ರೀತಿ, ಅಡ್ಡಹೆಸರಿನ ವಿಚಾರಣೆ. ಹೊಸದಾಗಿ ಬಂದವರನ್ನು ‘ಊರು ಯಾವುದು, ಅಲ್ಲಿ ಯಾರ ಪೈಕಿ’ ಎಂದು ಕೇಳುವುದು ಇನ್ನೂ ನಿಂತಿಲ್ಲ. ಮೂರನೆಯದು ‘ಕುಟುಂಬ ಸಮೇತ ಬನ್ನಿ’ ಎಂಬ ಆಹ್ವಾನ. ಕುಟುಂಬವಿಲ್ಲದವರು ಏನು ಮಾಡಬೇಕು? ಬಾಡಿಗೆಗೆ ಕೋಣೆ ಸಿಗದೆ ಒದ್ದಾಡುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವಿಚ್ಛೇದನದ ನಂತರ ಒಂಟಿಯಾಗಿರುವ ಹೆಂಗಸರು, ಸಂಗಾತಿಯನ್ನು ‘ಗೆಳೆಯ’ ಎಂದಷ್ಟೇ ಪರಿಚಯಿಸಬೇಕಾದ ಗಂಡಸರು ಈ ಕತ್ತಲ ತಿಂಗಳಲ್ಲಿ ಎಲ್ಲಿರುತ್ತಾರೆ? 2001ರ ಏಪ್ರಿಲ್ 1ರಂದು ಸಲಿಂಗಿಗಳ ವಿವಾಹಕ್ಕೆ ಜಗತ್ತಿನಲ್ಲೇ ಮೊದಲು ಕಾನೂನಿನ ಬಾಗಿಲು ತೆರೆದ ದೇಶದಲ್ಲಿ ಕನ್ನಡದ ದೀಪಾವಳಿ ಇನ್ನೂ ದಂಪತಿಗಳ ಲೆಕ್ಕದಲ್ಲಿ ಎಲೆ ಹಾಕುತ್ತಿದೆ.

ಜಾತಿಯ ವಿಷಯವನ್ನು ಹೊರಗಿನ ಕಾನೂನು ಬಿಡಿಸೀತೆಂದು ಕಾಯುವುದು ಜಾಣತನವಲ್ಲ. ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಅಂತಹುದೇ ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ಅದನ್ನು ತಡೆಯಲು ಓಡಾಡಿದವರಲ್ಲಿ ಭಾರತೀಯ ಮೂಲದ ಸಂಘಟನೆಗಳೇ ಮುಂಚೂಣಿಯಲ್ಲಿದ್ದವು. ಡಚ್ ಸಂವಿಧಾನದ 1ನೇ ವಿಧಿ ಯಾವುದೇ ಆಧಾರದ ಮೇಲೂ ತಾರತಮ್ಯ ಸಲ್ಲದೆನ್ನುತ್ತದೆ, ಆದರೆ ಸಮಾನ ನಡವಳಿಕೆಯ ಕಾಯಿದೆ ಎಣಿಸುವ ಆಧಾರಗಳ ಪಟ್ಟಿಯಲ್ಲಿ ಜಾತಿ ಎಂಬ ಪದವಿಲ್ಲ. ಇದ್ದರೂ ಊಟದ ಮೇಜಿನವರೆಗೆ ಯಾವ ಕಾಯಿದೆಯೂ ಬರುವುದಿಲ್ಲ. ಅಲ್ಲಿಯವರೆಗೆ ಬರಬೇಕಾದದ್ದು ಆತಿಥೇಯರ ನಾಚಿಕೆ.

ಅಡುಗೆಮನೆಯ ಮಾತಂತೂ ಹೇಳಿ ಮುಗಿಯುವುದಿಲ್ಲ. ಊರಿನಲ್ಲಿ ಅತ್ತೆ, ನಾದಿನಿ, ನೆರೆಮನೆಯಾಕೆ, ಕೆಲಸದವಳು ಸೇರಿ ಹಂಚಿಕೊಳ್ಳುತ್ತಿದ್ದ ಕೆಲಸ ಇಲ್ಲಿ ಒಬ್ಬಳ ಎರಡು ಕೈಗೆ ಬಂದಿದೆ, ವಾರದ ನೌಕರಿ ಮುಗಿಸಿದ ಮೇಲೆ. ಹೂರಣ ಅರೆಯುವುದು, ಚಕ್ಕುಲಿ ಒತ್ತುವುದು, ಮಕ್ಕಳಿಗೆ ಎಣ್ಣೆ ಹಚ್ಚುವುದು, ರೇಷ್ಮೆ ಸೀರೆಯಲ್ಲಿ ನಗುತ್ತ ಫೋಟೋಗೆ ನಿಲ್ಲುವುದು, ರಾತ್ರಿ ಹನ್ನೊಂದಕ್ಕೆ ಪಾತ್ರೆ ಯಂತ್ರಕ್ಕೆ ಜೋಡಿಸುವುದು. ಅದೇ ಹೊತ್ತಿಗೆ ಹಜಾರದಲ್ಲಿ ಗಂಡಸರು ಕೋಮುವಾದವನ್ನು, ಗ್ಯಾರಂಟಿ ಯೋಜನೆಗಳನ್ನು, ಹಿಂದಿ ಹೇರಿಕೆಯನ್ನು ಕುರಿತು ಗಂಭೀರ ಚರ್ಚೆಯಲ್ಲಿರುತ್ತಾರೆ. ‘ಶಕ್ತಿ’ ಯೋಜನೆ ಹೆಂಗಸರಿಗೆ ಬಸ್ಸಿನಲ್ಲಿ ಕೊಟ್ಟ ಸ್ವಾತಂತ್ರ್ಯವನ್ನು ಕೊಂಡಾಡುವ ಬಾಯಿಗೆ, ಒಳಗಿನಿಂದ ಬಿಸಿ ಬಿಸಿ ಕಜ್ಜಾಯ ಬಂದು ಬೀಳುತ್ತಿರುತ್ತದೆ. ಬಲಪಂಥೀಯರ ಮನೆಯಲ್ಲಿ ಹೀಗಿದ್ದರೆ ಅದು ಅವರ ನಂಬಿಕೆಗೆ ತಕ್ಕುದು, ಅಲ್ಲಿ ವಿಸಂಗತಿಯಿಲ್ಲ. ಪ್ರಗತಿಪರರ ಮನೆಯಲ್ಲಿ ಇದನ್ನು ಏನೆಂದು ಕರೆಯಬೇಕು?

ಹಾಗಾದರೆ ಊರಿನ ಹಬ್ಬ ಹೇಗಿತ್ತು? ದೀಪಾವಳಿಯನ್ನು ‘ಕುಟುಂಬದ ಹಬ್ಬ’ ಎಂದು ಕರೆಯುವುದು ನಗರದ ಮಧ್ಯಮವರ್ಗದ ಅಭ್ಯಾಸ. ಕನ್ನಡ ನಾಡಿನ ಹಲವು ಸೀಮೆಗಳಲ್ಲಿ ಆ ಹಬ್ಬದ ದೀಪ ಮನೆಯೊಳಗೆ ಕೂರುವುದಿಲ್ಲ, ನಡೆಯುತ್ತದೆ. ಮಲೆನಾಡಿನ ಸಾಗರ, ಸೊರಬ, ತೀರ್ಥಹಳ್ಳಿಗಳ ಕಡೆ ಅಂಟಿಗೆ-ಪಂಟಿಗೆಯ ಹಾಡುಗಾರರು ಹಬ್ಬದ ರಾತ್ರಿಗಳಲ್ಲಿ ಆರದಂತೆ ಕಾಪಾಡಿದ ಜ್ಯೋತಿಯನ್ನು ಹಿಡಿದು ಮನೆಯಿಂದ ಮನೆಗೆ, ಊರಿಂದ ಊರಿಗೆ ಕಾಡುದಾರಿಯಲ್ಲಿ ಹೋಗುತ್ತಾರೆ. ಮನೆಯವರು ಎದ್ದು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಹಾಡು ಕೇಳಿ ಕಾಣಿಕೆ ಕೊಡುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡುತ್ತಾರೆ. ತುಳುನಾಡಿನಲ್ಲಿ ಗದ್ದೆಯ ಅಂಚಿಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಸಗಣಿಯ ಹಟ್ಟೆವ್ವ ಹೊಸ್ತಿಲಿನ ಹೊರಗೂ ಕೂರುತ್ತಾಳೆ.

ಈ ನೆನಪನ್ನು ಸುಳ್ಳಿನ ಬಣ್ಣ ಹಚ್ಚಿ ಹೇಳಬೇಕಿಲ್ಲ. ಹಾಡುತ್ತ ಬಂದವರು ಯಾರ ಮನೆಯ ಜಗಲಿಯವರೆಗೆ ಬರಬಹುದು, ಯಾರ ಮನೆಯ ಅಂಗಳದಲ್ಲೇ ನಿಲ್ಲಬೇಕು ಎಂಬುದು ಹಳ್ಳಿಗೆ ಚೆನ್ನಾಗಿ ಗೊತ್ತಿತ್ತು. ಹಬ್ಬದ ಊಟ ಹಿತ್ತಲ ಬಾಗಿಲಲ್ಲಿ ಯಾರ ಸೆರಗಿಗೆ ಬೀಳುತ್ತಿತ್ತೆಂಬುದೂ ಗೊತ್ತಿತ್ತು. ಅಷ್ಟಾದರೂ, ದೀಪ ಹೊಸ್ತಿಲು ದಾಟಬೇಕೆಂಬ ಕಲ್ಪನೆ ಆ ಹಬ್ಬದ ಒಳಗೇ ಇತ್ತು. ಲೈಡನ್ನಿನ ಬೆಚ್ಚನೆಯ ಮನೆಗೆ ಬರುವಾಗ ಸಾಮಾನಿನ ಪೆಟ್ಟಿಗೆಯಲ್ಲಿ ಜಾತಿ ಬಂತು, ಈ ಕಲ್ಪನೆ ಊರಲ್ಲೇ ಉಳಿಯಿತು.

ಬಲಿಪಾಡ್ಯಮಿಯನ್ನು ಹೊಸದಾಗಿ ಓದಿದವರಲ್ಲಿ ಜ್ಯೋತಿಬಾ ಫುಲೆ ಮೊದಲಿಗರು. 1873ರಲ್ಲಿ ಪ್ರಕಟವಾದ ‘ಗುಲಾಮಗಿರಿ’ಯಲ್ಲಿ ಅವರು ಬಲಿಯನ್ನು ದುಡಿಯುವ ಜನರ ರಾಜನಾಗಿ, ವಾಮನನನ್ನು ಕಪಟದ ಆಕ್ರಮಣಕಾರನಾಗಿ ಕಂಡರು. ಅದೇ 1873ರ ಜೂನ್ 5ರಂದು ಕಲ್ಕತ್ತೆಯಿಂದ ಹೊರಟಿದ್ದ ‘ಲಾಲಾ ರೂಖ್’ ಹಡಗು ಡಚ್ಚರ ವಸಾಹತು ಸುರಿನಾಮಿಗೆ ಸುಮಾರು 400 ಗಿರ್ಮಿಟಿಯಾ ಕೂಲಿಗಳನ್ನು ಇಳಿಸಿತು. 1916ರವರೆಗೆ ಹೀಗೆ 34,000ಕ್ಕೂ ಹೆಚ್ಚು ಜನ ಹೋದರು. ಹಡಗಿನ ಒಂದೇ ಅಟ್ಟದಲ್ಲಿ ಮಲಗಿ, ಒಂದೇ ಪಾತ್ರೆಯಿಂದ ಉಂಡವರಿಗೆ ಜಾತಿಯ ಕಟ್ಟುಪಾಡು ಉಳಿಸಿಕೊಳ್ಳುವುದು ಕಷ್ಟವಾಯಿತು. ‘ಜಹಾಜಿ ಭಾಯಿ’, ಹಡಗಿನ ಸೋದರ ಎಂಬ ಹೊಸ ಬಾಂಧವ್ಯ ಹುಟ್ಟಿತು. 1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಗುವ ಮುನ್ನವೂ ನಂತರವೂ ಅವರ ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸಿಗೆ ಬಂದು, ಹೆಚ್ಚಾಗಿ ಹೇಗ್ ನಗರದಲ್ಲಿ ನೆಲೆಸಿದರು. ಲೈಡನ್ನಿನಿಂದ ಹೇಗಿಗೆ ರೈಲಿನಲ್ಲಿ ಕಾಲು ಗಂಟೆಯೂ ಬೇಡ. ಅಲ್ಲಿ ಕನ್ನಡಿಗರು ಬರುವ ಮೊದಲೇ ದೀಪಾವಳಿಯ ಹಣತೆ ಉರಿಯುತ್ತಿತ್ತು. ಅಂತಹವರನ್ನು ‘ಅವರು ನಿಜವಾದ ಇಂಡಿಯನ್ನರಲ್ಲ’ ಎಂದು ಬದಿಗೆ ಸರಿಸುವ ಮಾತು ಅನಿವಾಸಿ ಭಾರತೀಯರ ಕೂಟಗಳಲ್ಲಿ ಅಪರೂಪವಲ್ಲ. ಜಾತಿಯನ್ನು ಹೆಚ್ಚುಕಡಿಮೆ ಕಡಲಿಗೆ ಎಸೆದು ಬಂದವರ ದೀಪಾವಳಿಯಿಂದ ಕಲಿಯಬೇಕಾದದ್ದು ಯಾರು ಎಂಬುದನ್ನು ಆ ಮಾತು ತಲೆಕೆಳಗು ಮಾಡುತ್ತದೆ.

2023ರಲ್ಲಿ ಒಂದು ಕಾಕತಾಳೀಯ ಒದಗಿತ್ತು. ಆ ವರ್ಷ ನರಕ ಚತುರ್ದಶಿ ನವೆಂಬರ್ 12ಕ್ಕೆ ಬಂತು. ಅದರ ಹಿಂದಿನ ಸಂಜೆ, ನವೆಂಬರ್ 11, ಸಿಂಟ್ ಮಾರ್ಟನ್ ಹಬ್ಬ. ತನ್ನ ನಿಲುವಂಗಿಯನ್ನು ಕತ್ತಿಯಿಂದ ಎರಡಾಗಿ ಸೀಳಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಅರ್ಧ ಕೊಟ್ಟ ಸಂತ ಮಾರ್ಟಿನನ ಹೆಸರಿನಲ್ಲಿ ಮಕ್ಕಳು ಕಾಗದದ ಲಾಟೀನು ಹಿಡಿದು, ಹಾಡುತ್ತ, ಮನೆಮನೆಯ ಗಂಟೆ ಒತ್ತುತ್ತಾರೆ. ಹಿಂದೆ ಸಕ್ಕರೆ ಬೀಟ್‌ರೂಟನ್ನು ಕೊರೆದು ಒಳಗೆ ಬತ್ತಿ ಇಡುತ್ತಿದ್ದರು. ದೇಶದ ಉತ್ತರದಲ್ಲಿ ಈ ಪದ್ಧತಿ ಬಲವಾಗಿದೆ. ಲೈಡನ್ನಿನ ಕಡೆ ಕೆಲವು ಬೀದಿಗಳಿಗೆ ಮಕ್ಕಳು ಬರುತ್ತಾರೆ, ಕೆಲವಕ್ಕೆ ಬರುವುದಿಲ್ಲ. ಅಂಟಿಗೆ-ಪಂಟಿಗೆಯ ನಾಡಿನಿಂದ ಬಂದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇದಾಗಿ ಹನ್ನೊಂದು ದಿನಕ್ಕೆ, ನವೆಂಬರ್ 22ರಂದು, ವಲಸೆ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಖೇರ್ಟ್ ವಿಲ್ಡರ್ಸ್ ಪಕ್ಷ 150ರಲ್ಲಿ 37 ಸ್ಥಾನ ಗೆದ್ದು ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಅಂತಹ ವಾರದಲ್ಲಿ ಪರದೆ ಎಳೆದು ತಮ್ಮವರೊಡನೆ ಬೆಚ್ಚಗೆ ಕೂರಬೇಕೆನಿಸುವುದು ಸಹಜ. ತೆರಿಗೆ ರಿಯಾಯಿತಿ ಪಡೆದು ‘ಎಕ್ಸ್‌ಪ್ಯಾಟ್’ ಎನಿಸಿಕೊಂಡವರಿಗೆ, ಮೊರೊಕ್ಕೊದವರೂ ಸಿರಿಯದವರೂ ಮಾತ್ರ ‘ವಲಸಿಗರು’ ಎಂಬ ಸಮಾಧಾನವೂ ಇರಬಹುದು. ಆ ಸಮಾಧಾನ ಎಷ್ಟು ಚುನಾವಣೆಗಳವರೆಗೆ ಬಾಳೀತು ಎಂಬುದನ್ನು ಹೇಳಲು ಜ್ಯೋತಿಷಿ ಬೇಡ.

ಮನೆಯ ಹಬ್ಬವನ್ನು ಕೈಬಿಡುವುದು ಇದಕ್ಕೆ ಪರಿಹಾರವಲ್ಲ. ಮನೆಯ ಆಚರಣೆಯನ್ನು ಮನೆಯವರೇ ತಿದ್ದಿ ಬರೆಯಬಹುದೆಂದು ಕನ್ನಡದ ಪ್ರಗತಿಪರ ಪರಂಪರೆ ಬಹಳ ಹಿಂದೆಯೇ ತೋರಿಸಿದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಂತೆ 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮದುವೆಯಾದಾಗ ಅಲ್ಲಿ ಪುರೋಹಿತರಿರಲಿಲ್ಲ, ವರದಕ್ಷಿಣೆಯಿರಲಿಲ್ಲ, ಆಡಂಬರವಿರಲಿಲ್ಲ. ಮದುವೆ ಮಾತ್ರ ಇತ್ತು, ಸಂಭ್ರಮವೂ ಇತ್ತು. ಮದುವೆಯನ್ನು ಹಾಗೆ ಹೊಸದಾಗಿ ಕಟ್ಟಲು ಸಾಧ್ಯವಾದರೆ ಒಂದು ಶನಿವಾರದ ಸಂಜೆಯನ್ನು ಕಟ್ಟಲಾಗದೆ?

ಕಟ್ಟಲು ಬೇಕಾದ ಸಾಮಗ್ರಿ ಲೈಡನ್ನಿನಲ್ಲೇ ಇದೆ. ಡಚ್ ಮನೆಗಳ ಬೀದಿಯ ಕಡೆಯ ದೊಡ್ಡ ಕಿಟಕಿಗೆ ಸಂಜೆಯಾದರೂ ಪರದೆ ಎಳೆಯದಿರುವುದು ಇಲ್ಲಿನ ಹಳೆಯ ರೂಢಿ. ಹಣತೆಗೆ ಅದಕ್ಕಿಂತ ಒಳ್ಳೆಯ ಗೂಡು ಸಿಗದು. ಹಾದುಹೋಗುವ ಸೈಕಲ್ಲಿನವರಿಗೂ ಆ ಬೆಳಕು ಸೇರುತ್ತದೆ. ಸಿಂಟರ್‌ಕ್ಲಾಸ್ ಸಂಜೆಯಲ್ಲಿ ಡಚ್ ಮನೆಮಂದಿ ಒಬ್ಬರಿಗೊಬ್ಬರು ಕೀಟಲೆಯ ಪದ್ಯ ಬರೆದು, ಸಂತನ ಹೆಸರಿನಲ್ಲಿ ಸಹಿ ಹಾಕಿ, ಗಟ್ಟಿಯಾಗಿ ಓದಿಸುತ್ತಾರೆ. ಅಪ್ಪನ ಸೋಮಾರಿತನವನ್ನು ಮಗಳು ಪ್ರಾಸದಲ್ಲಿ ಬಯಲಿಗೆಳೆಯಬಹುದಾದ ಏಕೈಕ ರಾತ್ರಿ ಅದು. ಇದನ್ನು ಕನ್ನಡಕ್ಕೆ ತಂದರೆ, ವಾರಾಂತ್ಯದ ಕನ್ನಡ ತರಗತಿ ಒಂದು ವರ್ಷದಲ್ಲಿ ಕಲಿಸದ್ದನ್ನು ಒಂದು ಸಂಜೆ ಕಲಿಸೀತು. 1992ರಿಂದ ನೂರಕ್ಕೂ ಹೆಚ್ಚು ಕವಿತೆಗಳನ್ನು ಹತ್ತಾರು ಭಾಷೆಗಳಲ್ಲಿ ಗೋಡೆಗಳ ಮೇಲೆ ಬರೆದುಕೊಂಡ ಊರಿನಲ್ಲಿ ಮಕ್ಕಳಿಗೆ ಪ್ರಾಸದ ಭಯ ಇರಬೇಕಾಗಿಲ್ಲ. ಅಡುಗೆಯ ಪಟ್ಟಿಯಲ್ಲಿ ‘ಮಾತ್ರ’ ಎಂಬ ಪದವನ್ನು ಅಳಿಸಿದರೆ ಹೋಳಿಗೆಯ ರುಚಿ ಕೆಡುವುದಿಲ್ಲ. ಬಾಡಿನ ಪಾತ್ರೆ ಬೇರೆ ಮೇಜಿನ ಮೇಲಿದ್ದರೂ ಸರಿ, ಅದೇ ಕೋಣೆಯಲ್ಲಿರಲಿ. ಆಹ್ವಾನದಿಂದ ‘ಕುಟುಂಬ ಸಮೇತ’ ಎಂಬುದನ್ನು ತೆಗೆದು, ಕೋಣೆಯಿಲ್ಲದ ಇಬ್ಬರು ವಿದ್ಯಾರ್ಥಿಗಳ, ಮಹಡಿಯ ಮೇಲೆ ಒಂಟಿಯಾಗಿರುವ ಡಚ್ ಅಜ್ಜಿಯ, ಹೇಗಿನ ಸುರಿನಾಮಿ ಸ್ನೇಹಿತರ ಹೆಸರು ಸೇರಿಸಲು ಹೆಚ್ಚು ಹೊತ್ತು ಹಿಡಿಯದು. ಇವುಗಳಲ್ಲಿ ಯಾವುದೂ ಕ್ರಾಂತಿಯಲ್ಲ, ಯಾವುದಕ್ಕೂ ಘೋಷಣೆ ಬೇಕಿಲ್ಲ.

ಕಷ್ಟವಾಗುವುದು ಒಂದೇ ಒಂದು. ಲಾಟೀನು ಹಿಡಿದ ಮಕ್ಕಳು ಗಂಟೆ ಒತ್ತಿ ಹಾಡಲು ತೊಡಗುವುದು ಸಂಜೆ ಆರರ ಸುಮಾರಿಗೆ. ಆಗ ಒಲೆಯ ಮೇಲೆ ಎಣ್ಣೆ ಕಾದಿರುತ್ತದೆ, ಅಡುಗೆಮನೆಯಲ್ಲಿರುವವರಿಗೆ ಕೈ ಬಿಡುವಿರುವುದಿಲ್ಲ. ಹಜಾರದಲ್ಲಿ ಕುಳಿತವರು ಎದ್ದು ಹೋಗಿ ಬಾಗಿಲು ತೆರೆಯಬೇಕಾಗುತ್ತದೆ. ಬರುವಾಗ ಒಳಗೆ ಹೋಗಿ ಜಾಲರಿ ಸೌಟನ್ನೂ ಇಸಿದುಕೊಳ್ಳಬಹುದು.